ಪುಂಡಿ ಚಟ್ನಿಯೂ ಬಣ್ಣದ ಜಾಡಿಯೂ

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ರಾಯಚೂರಿಗೆ ಬಂದಾಗ ತಾನೇ ತಿಗರಿಯಲ್ಲಿ ಮಾಡಿ ಸುಟ್ಟ ಕಿತ್ತಳೆ ಬಣ್ಣದ ಜಾಡಿ ತಂದಿದ್ದಳು. "ಅಜ್ಜೀ, ಪುಂಡಿ ಚಟ್ನಿ ಇದರಾಗ ತುಂಬಿಡು" ಅಂದಳು. ಜಾಡಿ ಚಂದಿತ್ತು, ಹೆಮ್ಮೆಯೂ ಆಯಿತು. ಪುಂಡಿ ಸೊಪ್ಪಿನ ಹುಳಿ ಚಟ್ನಿಯನ್ನು ಮಾತ್ರ ಅದಕ್ಕೆ ತುಂಬಲಿಲ್ಲ. ಜಾಡಿ ಈಗ ಪಡಸಾಲೆಯ ಗೂಡಿನಲ್ಲಿ ನವಿಲುಗರಿ ಹೊತ್ತು ಕೂತಿದೆ.

ಮಣ್ಣಿನ ಪಾತ್ರೆಗೆ ಗಾಜಿನಂಥ ಮೆರುಗು ಬರಲೆಂದು ಬಳಿಯುವ ಗ್ಲೇಜ್ ಅಂದರೆ ನುಣ್ಣನೆಯ ಕಲ್ಲುಪುಡಿ, ಲೋಹದ ಪುಡಿ ಕಲಸಿದ ರಾಡಿ. ಕಡಿಮೆ ಶಾಖಕ್ಕೇ ಕರಗಿ ಫಳಫಳ ಹೊಳೆಯಲೆಂದು ಅದಕ್ಕೆ ಸೀಸ ಬೆರೆಸುವ ರೂಢಿ ಬಹಳ ಹಳೆಯದು. ಕೆಂಪು, ಕಿತ್ತಳೆ, ಹಳದಿಗೆ ಕ್ಯಾಡ್ಮಿಯಂ ಬಳಸುವುದುಂಟು, ಹಸಿರಿಗೆ ತಾಮ್ರ, ಕಂದು, ಕಪ್ಪಿಗೆ ನಮ್ಮ ಸಂಡೂರಿನ ಗುಡ್ಡದಲ್ಲಿ ಅಗೆಯುವ ಅದೇ ಮ್ಯಾಂಗನೀಸ್. ಹದವಾಗಿ ಕಲಸಿ ಚೆನ್ನಾಗಿ ಸುಟ್ಟರೆ ಇವು ಬಹುಮಟ್ಟಿಗೆ ಮೆರುಗಿನೊಳಗೇ ಉಳಿಯುತ್ತವೆ. ಹದ ತಪ್ಪಿದ್ದರೆ, ಮೆರುಗು ಸಿಡಿದಿದ್ದರೆ, ಹುಳಿ ತಾಕಿದೊಡನೆ ಬಿಟ್ಟುಕೊಳ್ಳುತ್ತವೆ. ನಮ್ಮ ಕಡೆಯ ಊಟ ಹುಳಿಯಿಲ್ಲದೆ ಉಂಟೇ? ಪುಂಡಿ, ಹುಣಸೆ, ಮಾವಿನಕಾಯಿ, ಮಜ್ಜಿಗೆ ಎಲ್ಲ ಹುಳಿಯೇ. ಅದರಲ್ಲೂ ಉಪ್ಪಿನಕಾಯಿ ತಿಂಗಳುಗಟ್ಟಲೆ ಒಂದೇ ಪಾತ್ರೆಯಲ್ಲಿ ಕೂರುತ್ತದೆ. ಊಟದಲ್ಲಿ ಸೀಸ ಬೆರೆತದ್ದು ನಾಲಿಗೆಗೆ ತಿಳಿಯುವುದೇ ಇಲ್ಲ.

ಹೀಗಾಗಿ ನಾನು ಹುಳಿಯನ್ನೆಲ್ಲ ಗಾಜಿನ ಭರಣಿಗೆ ಹಾಕಿಬಿಡುತ್ತೇನೆ. ಹೆಚ್ಚು ಶಾಖದಲ್ಲಿ ಸುಟ್ಟ, ಮೇಲೆ ಕಂದು ಕೆಳಗೆ ಬಿಳಿ ಇರುವ ಗಟ್ಟಿ ಉಪ್ಪಿನಕಾಯಿ ಜಾಡಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಒಳಗೆ ಕೂದಲೆಳೆಯಷ್ಟು ಬಿರುಕು ಕಂಡರೂ ಅದಕ್ಕೆ ಅಕ್ಕಿ, ಬೇಳೆಯನ್ನೂ ಹಾಕಬೇಡಿ. ಸಂತೆಯಲ್ಲಿ ಕೊಂಡ, ಯಾರು ಎಲ್ಲಿ ಸುಟ್ಟರೋ ಗೊತ್ತಿಲ್ಲದ ಬಣ್ಣದ ಬಟ್ಟಲು ಅಲಂಕಾರಕ್ಕಿರಲಿ.

ಜಾಡಿಗಿಂತ ನನಗೆ ಹೆಚ್ಚು ದಿಗಿಲಾದದ್ದು ಮೊಮ್ಮಗಳು ತಂದ ಗ್ಲೇಜ್ ಪುಡಿಯ ಡಬ್ಬಿಗಳನ್ನು ಕಂಡು. ಅರಿಶಿನದ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದಳು! ಅಂದೇ ತೆಗೆಸಿ, ಹೆಸರು ಬರೆಸಿ, ಬೀಗ ಹಾಕುವ ಪೆಟ್ಟಿಗೆಗೆ ಸೇರಿಸಿದೆ. ಸೀಸವಿಲ್ಲದ ಪುಡಿಯಲ್ಲೂ ಕಲ್ಲಿನ ಧೂಳು ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಕಲಸುವಾಗ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಇರಲಿ. ಚಮಚ, ಬೋಗುಣಿ ಅಡಿಗೆಮನೆಗೆ ಮರಳಿ ಬರಕೂಡದು. ಚೆಲ್ಲಿದ ಪುಡಿಗೆ ಪೊರಕೆ ಹಿಡಿಯಲೇಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲುವ ಅಭ್ಯಾಸ ನಮಗೆಲ್ಲ ಇದೆ. ಗ್ಲೇಜ್ ತೊಳೆದ ನೀರಿಗೆ ಅದು ಸಲ್ಲದು. ಬಕೆಟ್ಟಿನಲ್ಲಿ ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಮುಂದಿನ ಸಲ ಕುಂಚ ತೊಳೆಯಲು ಇಟ್ಟುಕೊಳ್ಳಿ. ತಳದ ಗಸಿ ಮುಚ್ಚಿದ ಡಬ್ಬಿಗೆ. ಸೀಸ ಕೊಳೆಯುವುದಿಲ್ಲ, ಬೇಗ ಹರಿದು ಹೋಗುವುದೂ ಇಲ್ಲ, ಮೇಲ್ಮಣ್ಣಿನಲ್ಲೇ ವರ್ಷಗಟ್ಟಲೆ ಕೂರುತ್ತದೆ. ಮೆಂತ್ಯ, ಪಾಲಕ್, ಮೂಲಂಗಿ ಅಂಥ ಮಣ್ಣಿನಲ್ಲಿ ಬೇಡ. ಹೂವಿನ ಗಿಡ ಹಾಕಿ, ಧೂಳೇಳದಂತೆ ಎಲೆ ಹೊದಿಸಿ. ಕುಂಡದ ತಳಕ್ಕೆ ಹಾಕಲು ಕುಂಬಾರರ ಮೆರುಗಿಲ್ಲದ ಗಡಿಗೆಯ ಚೂರು ಸಾಕು, ಗುಬ್ಬಿಗೆ ನೀರಿಡಲೂ ಅಂಥದ್ದೇ ತಟ್ಟೆ.

ಇಷ್ಟೆಲ್ಲ ಒತ್ತಿ ಹೇಳುವುದು ಮಕ್ಕಳಿಗಾಗಿ, ಬಸುರಿಯರಿಗಾಗಿ. ಸೀಸ ಎಲುಬಿನಲ್ಲಿ ಕೂತು, ತಾಯಿಯಿಂದ ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ. ಇಷ್ಟು ಸೇರಿದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಗು ಪುಡಿ ಬಾಯಿಗೆ ಹಾಕಿಕೊಂಡರೆ ಹಾಲು ಕುಡಿಸಿ ಸುಮ್ಮನಿರಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ. ಬಾಯಿ ಒರೆಸಿ, ಆ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ. ರಕ್ತದಲ್ಲಿ ಸೀಸ ಎಷ್ಟಿದೆಯೆಂದು ನೋಡುವ ಪರೀಕ್ಷೆ ಇದೆ, ಡಾಕ್ಟರನ್ನು ನೀವೇ ಕೇಳಿ.