ಹಳೇ ವಿಸಿಆರ್, ಹೊಸ ಟಿವಿ: ಚಿತ್ರ ಕೊನೆಗೂ ನಿಂತಿತು

ಮನೆಯ ಹಳೇ ವಿಡಿಯೋ ಕ್ಯಾಸೆಟ್‌ಗಳನ್ನು ವಿಸಿಆರ್ ಹಾಕಿ ಹೊಸ ಎಲ್‌ಇಡಿ ಟಿವಿಯಲ್ಲಿ ನೋಡಬೇಕು, ಕಂಪ್ಯೂಟರಿಗೂ ಕಾಪಿ ಮಾಡಬೇಕು ಅಂತ ಹೊರಟೆ. "ಗುಜರಿಗೆ ಹಾಕಿ" ಎಂದವರೇ ಜಾಸ್ತಿ. ನಮ್ಮೂರಿನ ರಿಪೇರಿಯವರು ವಿಸಿಆರ್‌ ಮುಚ್ಚಳ ತೆಗೆಯೋಕೂ ಒಪ್ಪಲಿಲ್ಲ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕಾಪಿ ಮಾಡಿಕೊಡಲು ಕ್ಯಾಸೆಟ್‌ಗೆ ಆರುನೂರು ಏಳುನೂರು ಕೇಳಿದರು. ಬೂಷ್ಟು ಹಿಡಿದಿದ್ದರೆ ತರಲೇಬೇಡಿ ಅಂದರು. ಮಲೆನಾಡಿನ ಮನೆ, ಬೂಷ್ಟು ಹಿಡಿಯದ ಕ್ಯಾಸೆಟ್ ಎಲ್ಲಿಂದ ಬರಬೇಕು? ಮೂವತ್ತರ ಹತ್ತಿರ ಇವೆ. ಅಕ್ಕನ ಮದುವೆ, ನಾಲ್ಕಾರು ಉಪನಯನ, ಉಳಿದದ್ದೆಲ್ಲ ಬೆಳಗಿನವರೆಗೆ ನಡೆದ ಯಕ್ಷಗಾನ. ಇ-180 ಕ್ಯಾಸೆಟ್ಟಿಗೆ ಮೂರೇ ಗಂಟೆ, ಹಾಗಾಗಿ ಒಂದೊಂದು ಆಟಕ್ಕೆ ಮೂರು ಕ್ಯಾಸೆಟ್.

ವಿಸಿಆರ್ ಹಿಂದಿನ ಹಳದಿ, ಬಿಳಿ, ಕೆಂಪು ಪಿನ್ ನಿಮಗೆಲ್ಲ ಗೊತ್ತಿರೋದೇ, ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಹೊಸ ಟಿವಿಯಲ್ಲಿ ಆ ಮೂರರ ಬದಲು 3.5 ಎಂಎಂ ತೂತು ಒಂದೇ. ಅದಕ್ಕೆ ಸಿಗುವ ನಾಲ್ಕು ಭಾಗದ ಪಿನ್ನಿನ ಕೇಬಲ್‌ಗಳ ವೈರಿಂಗ್ ಎಲ್ಲವೂ ಒಂದೇ ಥರ ಇರೋದಿಲ್ಲ. ಒಂದರಲ್ಲಿ ಗ್ರೌಂಡ್ ಇರುವ ಜಾಗದಲ್ಲಿ ಇನ್ನೊಂದರಲ್ಲಿ ವಿಡಿಯೋ ಇರುತ್ತದೆ. ಕೊಳ್ಳುವ ಮೊದಲು ಯಾವ ಭಾಗ ಯಾವ ಬಣ್ಣದ ಪಿನ್ನಿಗೆ ಹೋಗಿದೆ ಅಂತ ಮಲ್ಟಿಮೀಟರ್ ಬೀಪ್‌ಗೆ ಹಾಕಿ ನೋಡಿ.

ಸರಿಯಾದ ಕೇಬಲ್ ಹಾಕಿದೆ, ಚಿತ್ರ ಬಂತು. ಎರಡು ನಿಮಿಷಕ್ಕೆ ಟಿವಿ ನೀಲಿ ಬಣ್ಣಕ್ಕೆ ತಿರುಗಿ "ಸಿಗ್ನಲ್ ಇಲ್ಲ" ಅಂತು. ಹಳೇ ಟೇಪಿನಲ್ಲಿ ಚಿತ್ರದ ಪ್ರತಿ ಗೆರೆಯೂ ಚೂರು ಮುಂದೆ ಹಿಂದೆ ಆಗುತ್ತಾ ಬರುತ್ತದೆ. ಡಬ್ಬಿ ಟಿವಿ ಅದನ್ನು ಹೇಗೋ ಹಿಡಿದುಕೊಳ್ಳುತ್ತಿತ್ತು, ಎಲ್‌ಇಡಿ ಬಿಟ್ಟುಬಿಡುತ್ತದೆ. ಆ ಮೂರು ಪಿನ್ನಿನ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿ ತಂದೆ, ನಾನೂರೈವತ್ತರ ಸುಮಾರು. ಚಿತ್ರ ಅಡ್ಡಕ್ಕೆ ಹಿಗ್ಗಿತು, ಮದುಮಗಳ ಮುಖ ಅಗಲವಾಯಿತು, ನೀಲಿ ಪರದೆ ಹೋಗಲಿಲ್ಲ. ಸಾವಿರದಿನ್ನೂರು ಕೊಟ್ಟು ಇನ್ನೊಂದು ತಂದರೂ ಅದೇ ಕತೆ. ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿಗೆ (ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ) ಒಂಬೈನೂರು ಹೋಯಿತು. ಅದರಲ್ಲಿ ಗಂಟೆ ಕಳೆಯುವಷ್ಟರಲ್ಲಿ ಚೆಂಡೆಯ ಪೆಟ್ಟು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ.

ದಾರಿ ಸಿಕ್ಕಿದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ. ಡಿಸ್ಕ್ ಡ್ರೈವ್ ಸತ್ತ ಒಂದು ಹಳೇ ಪ್ಯಾನಸಾನಿಕ್ ಡಿವಿಡಿ ರೆಕಾರ್ಡರ್, ಚೌಕಾಸಿ ಮಾಡಿ ಸಾವಿರದೆಂಟುನೂರಕ್ಕೆ ತಂದೆ. ಡಿಸ್ಕ್ ನನಗೆ ಬೇಕಾಗೇ ಇರಲಿಲ್ಲ. ವಿಸಿಆರ್‌ ಔಟ್‌ಪುಟ್ ಇದರ ಲೈನ್ ಇನ್‌ಗೆ, ಇದರ ಔಟ್‌ಪುಟ್ ಟಿವಿಗೆ, ಅಷ್ಟೇ. ಒಳಗೆ ಬಂದ ಗೆರೆಗಳನ್ನು ಅದು ಮೆಮೊರಿಯಲ್ಲಿ ಹಿಡಿದು, ಸಮ ಮಾಡಿ, ಹೊಸದಾಗಿ ಕಳಿಸುತ್ತದೆ. ಮಂಟಪದ ಬಾಳೆಕಂಬಗಳ ತುದಿ ಬಲಕ್ಕೆ ಬಾಗಿ ನಡುಗುತ್ತಿತ್ತು. ಈಗ ನೆಟ್ಟಗೆ ನಿಂತಿದೆ. ನೀಲಿ ಪರದೆ ಆಮೇಲೆ ಬಂದೇ ಇಲ್ಲ. ಬೇಡ ಅಂದಿದ್ದ ರಿಪೇರಿಯವರೇ ಬಂದು ಕೂತು ನೋಡಿದರು. ರೆಕಾರ್ಡರ್ ಮೆನುವಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಚಿತ್ರ ಇನ್ನೂ ಚೊಕ್ಕ ಆಗುತ್ತದೆ. ಅದು ಯಾವುದು ಅಂತ ನೀವೇ ಹುಡುಕಿ.

ರೆಕಾರ್ಡರಿನಿಂದ ಟಿವಿಗೆ ಹಳದಿ ಪಿನ್, ಕಂಪ್ಯೂಟರಿಗೆ ಎಸ್-ವಿಡಿಯೋ (ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಹೋಗುವ ಕೇಬಲ್), ಎರಡೂ ಒಟ್ಟಿಗೆ ಹೋಗುತ್ತವೆ. ನೋಡುತ್ತಾ ನೋಡುತ್ತಾ ಕಾಪಿ ಆಗುತ್ತದೆ. ಅದೇ ಒಂಬೈನೂರರ ಕಾರ್ಡಿನಲ್ಲಿ ಈಗ ಧ್ವನಿ ಜಾರುವುದಿಲ್ಲ. 720×576 ಚುಕ್ಕೆಗಳ ಅಳತೆಯಲ್ಲಿ ಹಿಡಿದು, ಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಬರುವ ಅರ್ಧರ್ಧ ಚಿತ್ರ) ಬಿಡಿಸುವಾಗ ಸೆಕೆಂಡಿಗೆ 50 ಫ್ರೇಮ್ ಇಡಿ. 25 ಇಟ್ಟರೆ ಧೀಂಗಿಣ ತುಂಡು ತುಂಡಾಗಿ ಕಾಣುತ್ತದೆ. ಐವತ್ತರಲ್ಲಿ ವೇಷಧಾರಿ ಮಂಡಿಯ ಮೇಲೆ ಗಿರ್ರನೆ ತಿರುಗಿದ್ದು ರಂಗದ ಮುಂದೆ ಕೂತು ಕಂಡ ಹಾಗೇ ಬರುತ್ತದೆ. ಎಚ್.264 ಅನ್ನೋ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ ಗಂಟೆಗೆ ಎರಡು ಮೂರು ಜಿಬಿ ಹಿಡಿಯುತ್ತದೆ.

ವಿಸಿಆರ್ ಒಳಗೆ ಟೇಪ್ ಓದುವ ಹೆಡ್ ಒರೆಸಲು ಹತ್ತಿ ಬೇಡ, ಎಳೆ ಸಿಕ್ಕಿಕೊಂಡರೆ ಹೆಡ್ಡೇ ಮುರಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಾಗದ ಒತ್ತಿ ಹಿಡಿದು, ಹೆಡ್ ಕೂರಿಸಿರುವ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಬೂಷ್ಟು ತೆಗೆಯುವ ವಿಧಾನ ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಇನ್ನೊಂದು ಮಾಡಿ ನೋಡಿದೆ. ವಿಸಿಆರ್‌ನ ಆರ್‌ಎಫ್ ಔಟ್‌ಪುಟ್ಟಿಗೆ (ಟಿವಿಯ ಆಂಟೆನಾ ತೂತಿಗೆ ಹೋಗುವುದು) ಸ್ಪ್ಲಿಟರ್ ಹಾಕಿ, ಅಡುಗೆಮನೆಯ ಸಣ್ಣ ಟಿವಿಯನ್ನು ಯುಎಚ್‌ಎಫ್ ಚಾನೆಲ್ 36ಕ್ಕೆ ಟ್ಯೂನ್ ಮಾಡಿದೆ. ಚಿತ್ರ ಮಸುಕು, ಧ್ವನಿ ಮೋನೋ. ಆದರೂ ಅಮ್ಮ ದೋಸೆ ಹುಯ್ಯುತ್ತಾ ಇಡೀ ಆಟ ನೋಡಿದರು.

ಒಟ್ಟು ಖರ್ಚು ಐದು ಸಾವಿರದೊಳಗೆ. ಸ್ಟುಡಿಯೋಗೆ ಕೊಟ್ಟಿದ್ದರೆ ಇಪ್ಪತ್ತು ಸಾವಿರದ ಹತ್ತಿರ ಆಗುತ್ತಿತ್ತು. ಇನ್ನು ಚಿಕ್ಕಪ್ಪ ಅಮೆರಿಕದಿಂದ ತಂದ, ಅಲ್ಲಿನ ಟಿವಿ ಪದ್ಧತಿಯ ಎನ್‌ಟಿಎಸ್‌ಸಿ ಕ್ಯಾಸೆಟ್ ಬಾಕಿ ಇದೆ. ಟಿವಿಯಲ್ಲಿ ಬಣ್ಣ ಬರುತ್ತದೆ, ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು. ನನ್ನ ವಿಸಿಆರ್ ಬಣ್ಣವನ್ನು 4.43 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ, ಕಾರ್ಡು 3.58 ಅಂತ ಕಾಯುತ್ತದೆ. ಪಿಎಎಲ್-60 (ಅಮೆರಿಕದ ಗೆರೆ ಲೆಕ್ಕ, ನಮ್ಮ ಪಿಎಎಲ್ ಪದ್ಧತಿಯ ಬಣ್ಣ) ಸೆಟ್ಟಿಂಗ್ ಇರುವ ಕಾರ್ಡು ಹುಡುಕುತ್ತಾ ಇದ್ದೇನೆ.