ಒಂದು ಹಿಡಿ ಅಕ್ಕಿ, ಎಂಟು ಬಕೆಟ್ ನೀರು

ನಮ್ಮ ಸೊಸೆ ನಲ್ಲಿ ತೊಟ್ಟಿಕ್ಕಿದರೂ ಓಡಿ ಬಂದು ತಿರುಗಿಸುತ್ತಾಳೆ. ಅದೇ ಕೈಯಲ್ಲಿ ಮಿಕ್ಕ ಅನ್ನವನ್ನು ಕಸದ ಡಬ್ಬಿಗೆ ಸುರಿಯುತ್ತಾಳೆ. ನಲ್ಲಿ ನೀರು ಕಣ್ಣಿಗೆ ಕಾಣುತ್ತೆ, ಅನ್ನದೊಳಗಿನ ನೀರು ಕಾಣಲ್ಲ, ಅಲ್ವಾ?

ಒಂದು ಕಿಲೋ ಅಕ್ಕಿ ಬೆಳೆಯಲು ಲೋಕದ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. 'ಯಾರಾದರೂ ಬಂದರೆ ಇರಲಿ' ಅಂತ ಜಾಸ್ತಿ ಹಾಕುತ್ತೇವಲ್ಲ, ಆ ಹಿಡಿ ಅಕ್ಕಿ 50 ಗ್ರಾಂ ಅಂದುಕೊಳ್ಳಿ. 125 ಲೀಟರ್ ಆಯಿತು. ಎಂಟು ಬಕೆಟ್! ಅದಕ್ಕೇ ನಾನು ಅಕ್ಕಿ ಇಡುವ ಮೊದಲು ರಾತ್ರಿ ಊಟಕ್ಕೆ ಯಾರ್‍ಯಾರಿದ್ದಾರೆ ಅಂತ ಕೇಳಿಬಿಡುತ್ತೇನೆ. ಮಿಕ್ಕರೆ ಆರಿದ ತಕ್ಷಣ ಫ್ರಿಜ್ಜಿಗೆ, ಬೆಳಿಗ್ಗೆ ಚಿತ್ರಾನ್ನ.

ರಾಗಿಗೆ ನೀರು ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ. ಕಿಲೋ ಲೆಕ್ಕ ಹಿಡಿದರೆ ಸಿರಿಧಾನ್ಯಗಳ ಸರಾಸರಿ ಅಕ್ಕಿಗಿಂತ ಜಾಸ್ತಿಯೇ ಇದೆ. ಎಕರೆಗೆ ಇಳುವರಿ ಕಮ್ಮಿ, ಅದಕ್ಕೆ. ಆದರೆ ಅದು ಹೆಚ್ಚಾಗಿ ಹೊಲದ ಮೇಲೆ ತಾನಾಗಿ ಬಿದ್ದ ಮಳೆ ನೀರು. ಭತ್ತದ ಗದ್ದೆಗೆ ಹೆಚ್ಚಿನ ಕಡೆ ಕಾಲುವೆಯನ್ನೋ ಬೋರ್‌ವೆಲ್ಲನ್ನೋ ತಿರುಗಿಸಬೇಕು. ಎಷ್ಟು ನೀರು ಅನ್ನುವುದಕ್ಕಿಂತ ಯಾವ ನೀರು ಅಂತ ಕೇಳಿ. ರಾತ್ರಿ ಮುದ್ದೆ ಮಾಡಿದರೆ ಅಷ್ಟು ಬೋರ್ ನೀರು ಉಳಿಯಿತು.

ಕಾಫಿ ಒಂದು ಕಪ್ಪಿಗೆ 130 ಲೀಟರ್, ಟೀಗೆ ಸುಮಾರು 30. ಕಾಫಿ ಬಿಡಿ ಅಂತ ಹೇಳುವವಳಲ್ಲ ನಾನು, ನನಗೇ ಆಗದು. ಅರ್ಧ ಕುಡಿದು ಇಡುವವರಿಗೆ ಬೈಟು ಕೊಡಿ, ಸಾಕು. ಹಾಲು ಲೀಟರಿಗೆ ಸಾವಿರ ಲೀಟರ್. ಒಡೆದರೆ ಚೆಲ್ಲಬೇಡಿ. ಸೋಸಿ, ಬೆಲ್ಲ ಏಲಕ್ಕಿ ಹಾಕಿ ಗೊಟಾಯಿಸಿ. ಸೋಸಿದ ನೀರಲ್ಲಿ ಚಪಾತಿ ಹಿಟ್ಟು ಕಲಸಿದರೆ ಮೆತ್ತಗೆ ಬರುತ್ತೆ.

ಸೊಪ್ಪು, ಕಾಳು ಬೇಯಿಸಿದ ಕಟ್ಟು ಬಸಿದು ಸಿಂಕಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಬಸ್ಸಾರಿನ ಜೀವವೇ ಅದು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಯಿತುರಿ, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ, ಆ ಕಟ್ಟಿಗೇ ಹಾಕಿ ಕುದಿಸಿ. ಸೊಪ್ಪು ಪಲ್ಯಕ್ಕೆ.

ನಮ್ಮತ್ತೆ ಅಕ್ಕಚ್ಚನ್ನು ಹಸುವಿಗೆ ಹೊಯ್ಯುತ್ತಿದ್ದರು. ನಮ್ಮಲ್ಲಿ ಹಸು ಇಲ್ಲ, ಕರಿಬೇವಿನ ಕುಂಡವಿದೆ. ಗಿಡ ಈಗ ಕಿಟಕಿ ದಾಟಿದೆ. ಸೊಸೆ ಮಾತ್ರ ಅಕ್ಕಿಯನ್ನು ಇನ್ನೂ ನಾಲ್ಕು ಸಲವೇ ತೊಳೆಯುತ್ತಾಳೆ.