ಎರೆ ಹೊಲದಲ್ಲಿ ನೀರು ಇಂಗಿಸಿದ್ದು: ನನ್ನ ಅನುಭವ

ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಬೋರ್ ರೀಚಾರ್ಜ್ (ಮಳೆ ನೀರು ಇಂಗಿಸಿ ಬೋರ್‌ಗೆ ನೀರು ಕೂಡಿಸುವುದು) ಆಗುವುದೇ ಇಲ್ಲ ಅಂತ ಕಲಬುರಗಿ ಜಿಲ್ಲೆಯ ನಮ್ಮ ಆಳಂದ ಕಡೆ ಎಲ್ಲರೂ ಹೇಳುತ್ತಾರೆ. ಆಗುತ್ತದೆ. ನನ್ನ ಹೊಲದಲ್ಲಿ ಮೂರ್ನಾಲ್ಕು ವರ್ಷದಿಂದ ಆಗುತ್ತಿದೆ. ಆದರೆ ಕೆಂಪು ಮಣ್ಣಿನವರ ಪದ್ಧತಿಯನ್ನೇ ತಂದು ಇಲ್ಲಿ ಇಟ್ಟರೆ ರೊಕ್ಕ ಹೋಗುತ್ತದೆ, ಅಷ್ಟೇ.

ನಾನೂ ಮೊದಲು ಎಲ್ಲರೂ ಮಾಡಿಸುವುದನ್ನೇ ಮಾಡಿಸಿದೆ. ಬೋರ್ ಸುತ್ತ ಹತ್ತು ಫೂಟು ಗುಂಡಿ, ಬೋರ್‌ಗೆ ಇಳಿಸಿದ ಕೇಸಿಂಗ್ ಪೈಪಿಗೆ ತೂತು, ಅದರ ಮೇಲೆ ನೈಲಾನ್ ಮೆಶ್, ಕೆಳಗಿನಿಂದ ದಪ್ಪ ಕಲ್ಲು, ಖಡಿ (ಜಲ್ಲಿ), ಇದ್ದಿಲು, ಉಸುಕು. ಜೆಸಿಬಿ, ಆಳು ಎಲ್ಲ ಸೇರಿ 40 ಸಾವಿರದ ಹತ್ತಿರ ಬಂತು. ಮೊದಲ ಒಂದೆರಡು ದೊಡ್ಡ ಮಳೆಗೆ ನೀರು ಗಳಗಳ ಇಳಿಯಿತು. ಆಮೇಲೆ ಗುಂಡಿ ತುಂಬಿ ಹಾಗೇ ನಿಂತಿತು, ವಾರವಾದರೂ ಇಳಿಯಲಿಲ್ಲ. ನೀರು ಹೊರಗೆ ಹಾಕಿ ಉಸುಕು ಕೆದರಿ ನೋಡಿದೆ. ಮೇಲೆ ಉಗುರಿನಷ್ಟು ದಪ್ಪ ಕರಿ ಪದರ ಕೂತಿತ್ತು. ಅಂಚು ಹಿಡಿದು ಎತ್ತಿದರೆ ಹಾಲಿನ ಕೆನೆಯ ಹಾಗೆ ಇಡಿಯಾಗಿ ಬರುತ್ತಿತ್ತು. ಅದರ ಕೆಳಗೆ ಗೇಣು ಆಳದ ಉಸುಕು ಕೈಯಲ್ಲಿ ಹಿಡಿದರೆ ಉದುರುತ್ತಿತ್ತು. ಮೇಲೆ ಎದೆಮಟ್ಟ ನೀರು, ಕೆಳಗೆ ಒಣ ಉಸುಕು! ಉಸುಕು ತೆಗೆಸಿ ತೊಳೆಸಿ ಹಾಕಿಸಿದೆ. ಪ್ರತಿ ಸಲ ನಾಲ್ಕೈದು ಸಾವಿರ. ಮತ್ತೆ ಅದೇ ಪದರ.

ಹೊಸ ಬೋರ್ ಹಾಕಿಸು ಅಂದವರೇ ಜಾಸ್ತಿ. 500 ಫೂಟು ಕೊರೆಸಿ ಮೋಟರ್ ಇಳಿಸಿದರೆ ಒಂದೂವರೆ ಲಕ್ಷ. ಅಷ್ಟು ಕೊಟ್ಟು ಬರೀ ಧೂಳು ನೋಡಿದವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಡಿಯಾಚೆ ಮಹಾರಾಷ್ಟ್ರದ ಲಾತೂರಿಗೆ 2016ರಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಅದನ್ನು ನೋಡಿದ ಮೇಲೂ ಕೊರೆಯುವುದೊಂದೇ ದಾರಿ ಅಂದರೆ ನನಗೆ ಒಪ್ಪಿಗೆ ಆಗಲ್ಲ.

ಬೀದರಿಗೆ ಹೋಗಿ ನೆಲದೊಳಗೆ ಸುರಂಗ ತೋಡಿ ನೀರು ಹರಿಸುವ ನೌಬಾದ್‌ನ ಸುರಂಗ ಬಾವಿಯನ್ನೂ ನೋಡಿ ಬಂದೆ. ಬಹಮನಿ ಕಾಲದ ಕೆಲಸ, ಕೈಮುಗಿಯಬೇಕು. ಆದರೆ ಅಲ್ಲಿ ಮೇಲಿರುವುದು ಕೆಂಪು ಜಂಬಿಟ್ಟಿಗೆ, ಮಳೆ ನೀರು ತಾನೇ ಸೋಸಿ ಇಳಿಯುತ್ತದೆ. ನಮ್ಮಲ್ಲಿ ಐದಾರು ಫೂಟು ಎರೆ, ಕೆಳಗೆ ಗರಸು (ಪುಡಿಯಾದ ಕಲ್ಲಿನ ಮಣ್ಣು), ಅದರ ಕೆಳಗೆ ಕರಿಕಲ್ಲು. ನೀರು ನಿಲ್ಲುವುದು ಗರಸಿನಲ್ಲಿ ಮತ್ತು ಕಲ್ಲಿನ ಸೀಳಿನಲ್ಲಿ. ಅಲ್ಲಿಗೆ ಮುಟ್ಟಿಸಲು ಹೊಸ ಗುಂಡಿ ಯಾಕೆ? ಅಜ್ಜನ ಕಾಲದ ಬಾವಿ ಇದೆ, 45 ಫೂಟು ಆಳ, ಬೋರ್‌ನಿಂದ ಎಪ್ಪತ್ತು ಹೆಜ್ಜೆ ಮೇಲೆ. ಆ ಬಾವಿಗೇ ನೀರು ಬಿಡುತ್ತೇನೆ ಅಂದಾಗ ಪಕ್ಕದ ಹೊಲದ ಕಾಕಾ ಕೇಳಿದರು: “ಬಾವಿ ಮುಚ್ಚಲಾಕ ರೊಕ್ಕಾ ಖರ್ಚ್ ಮಾಡ್ಲಾಕತ್ತಿದೇನೋ ತಮ್ಮಾ?”

ಅವರ ಮಾತಿನಲ್ಲಿ ಹುರುಳಿತ್ತು. ಕೆಸರು ನೀರು ಬಿಟ್ಟರೆ ಬಾವಿ ಮುಚ್ಚುವುದೇ. ಅದಕ್ಕೆ ನಾನು ಬರುವ ನೀರನ್ನೆಲ್ಲ ಹಿಡಿಯುವುದನ್ನು ಬಿಟ್ಟೆ. ಜೂನ್ ಮಳೆ ಎರೆಯ ಬಿರುಕಿಗೇ ಸಾಲದು, ಹರಿದರೂ ಬರೀ ಕೆಸರು, ಯಾಕೆಂದರೆ ಆಗ ನೆಲ ಬೋಳು. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರ್‌ನಲ್ಲಿ. ಅಷ್ಟೊತ್ತಿಗೆ ಬಿರುಕು ಮುಚ್ಚಿರುತ್ತದೆ, ತೊಗರಿ ಹೊಲ ತುಂಬಿ ನಿಂತಿರುತ್ತದೆ, ಹರಿಯುವ ನೀರೂ ಅರ್ಧ ತಿಳಿ. ನನಗೆ ಬೇಕಾದದ್ದು ಆ ನೀರು ಮಾತ್ರ. ಅಲ್ಲಿಯವರೆಗೆ ಬಾವಿಗೆ ಹೋಗುವ ಪೈಪಿನ ಬಾಯಿ ಮುಚ್ಚಿಯೇ ಇರುತ್ತದೆ, ನೀರು ಹಳ್ಳಕ್ಕೆ ಹೋಗಲಿ.

ಲೆಕ್ಕ ನೋಡಿ. ಒಂದು ಎಕರೆಗೆ 25 ಮಿ.ಮೀ. ಮಳೆ ಅಂದರೆ ಒಂದು ಲಕ್ಷ ಲೀಟರ್. ಕಾಲು ಪಾಲು ಹರಿದರೂ ನನ್ನ 6 ಎಕರೆಯಿಂದ ಒಂದೂವರೆ ಲಕ್ಷ. ಇಂಥ ಮಳೆ ನಾಲ್ಕೈದು ಸಿಕ್ಕರೆ ಸಾಕಲ್ವಾ?

ಬದುವಿನ ಗುಂಟ ಕರಕಿ ಹುಲ್ಲು ಬೆಳೆಯಲು ಬಿಟ್ಟೆ, ನೀರು ಅದರ ಮೇಲೆ ಹಾದು ಬರಬೇಕು. ಆಮೇಲೆ ಒಂದು ಅಗಲದ ಗುಂಡಿ, ಆಳ ಮೂರೇ ಫೂಟು. ಅದು ತುಂಬಿ ಎರಡನೆಯದಕ್ಕೆ. ಅಲ್ಲಿಂದ ಆರು ಇಂಚಿನ ಪೈಪ್ ಬಾವಿಗೆ, ಮೇಲ್ಮಟ್ಟದಲ್ಲಿ, ಕಸ ಹೋಗದಂತೆ ಬಾಯಿ ಕೆಳಗೆ ಮಾಡಿ. ಉಸುಕು, ಖಡಿ, ಇದ್ದಿಲು ಏನೂ ಇಲ್ಲ. 22 ಸಾವಿರದೊಳಗೆ ಮುಗಿಯಿತು.

ತಿಳಿ ಮಾಡಲು ಏನೇನೋ ಹಾಕಿ ನೋಡಿದೆ. ನುಗ್ಗೆ ಬೀಜದ ಪುಡಿ ಬಕೆಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗುಂಡಿಗೆ ಹಾಕಲು ಎಷ್ಟು ಮರ ಬೇಕು! ಫಟಕಿ (ಆಲಂ) ದುಬಾರಿ. ಜಿಪ್ಸಮ್ ಹಿಡಿಯಿತು, ಎರೆಯ ಸಣ್ಣ ಕಣ ಗಂಟುಕಟ್ಟಿ ತಳಕ್ಕೆ ಕೂಡುತ್ತದೆ. ಎಷ್ಟು, ಯಾವಾಗ, ಎಲ್ಲಿ ಹಾಕಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.

ಮೊದಲು ಜನವರಿಯಲ್ಲಿ ಬೋರ್ ಮುಕ್ಕಾಲು ಗಂಟೆಗೇ ಗಾಳಿ ಎಳೆಯುತ್ತಿತ್ತು. ಈಗ ಮಾರ್ಚ್‌ನಲ್ಲೂ ಮೂರು ಗಂಟೆ ಓಡುತ್ತದೆ. ಶಿವರಾತ್ರಿಗೆ ಬಾವಿಯಲ್ಲಿ ಹನ್ನೆರಡು ಫೂಟಿನಷ್ಟು ನೀರು ಇರುತ್ತದೆ. ಎರಡು ಎಕರೆ ಕಡಲೆಗೆ ಸ್ಪ್ರಿಂಕ್ಲರ್‌ನಲ್ಲಿ ಎರಡು ನೀರು ಕೊಟ್ಟೆ, ಎಕರೆಗೆ ನಾಲ್ಕು ಕ್ವಿಂಟಲ್ ಇದ್ದದ್ದು ಏಳರ ಹತ್ತಿರ ಹೋಯಿತು. ನಮ್ಮ ಸುತ್ತಿನಲ್ಲಿ ಇಷ್ಟು ತೆಗೆದವರು ಕಡಿಮೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕುಡಿಯುವ ನೀರಿನ ಬಾವಿಗೆ ಇದನ್ನು ಮಾಡಬೇಡಿ. ತೊಗರಿಗೆ ಹೊಡೆದ ಔಷಧ ಇದೇ ನೀರಲ್ಲಿ ಬರುತ್ತದೆ. ನನ್ನ ಬಾವಿ ಬೆಳೆಗೆ ಮಾತ್ರ. ಔಷಧ ಹೊಡೆದ ನಂತರದ ಮೊದಲ ಮಳೆಗೂ ಪೈಪ್ ಮುಚ್ಚಿಯೇ ಇಡುತ್ತೇನೆ. ಗುಂಡಿಯ ಹೂಳನ್ನು ಪ್ರತಿ ಮೇ ತಿಂಗಳಲ್ಲಿ ತೆಗೆಸಿ ಹೊಲದ ಮಡ್ಡಿ (ಕಲ್ಲು ನೆಲದ) ತುಂಡಿಗೆ ಹಾಕಿಸುತ್ತೇನೆ, ಜೆಸಿಬಿ ಎರಡು ಗಂಟೆ, ಎರಡೂವರೆ ಸಾವಿರ. ಆ ತುಂಡಿನಲ್ಲಿ ಹೋದ ವರ್ಷ ಮೊದಲ ಸಲ ಜೋಳ ಬಂತು.